ಸಿಗ್ನಲ್ ಇಲ್ಲದ ಊರಿಗೂ ಓದುವ ಹಕ್ಕಿದೆ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಯನ್ನು ಕೇಂದ್ರ ಸರ್ಕಾರವು 2024ರ ಜುಲೈ 31ರಂದು ಮತ್ತೊಮ್ಮೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಭೂಮಿ ಅದರ ವ್ಯಾಪ್ತಿಯಲ್ಲಿತ್ತು. ಆಕ್ಷೇಪಣೆ ಸಲ್ಲಿಸಲು ಕೊಟ್ಟ ಅವಧಿ 60 ದಿನ. ಅವು ಎಂಥ ದಿನಗಳು? ಮರ ಬಿದ್ದು ತಂತಿ ಹರಿಯುವ, ವಿದ್ಯುತ್ತಿಲ್ಲದೆ ಟವರಿನ ಬ್ಯಾಟರಿ ಬರಿದಾಗುವ ಮಳೆಗಾಲದ ದಿನಗಳು. ತನ್ನ ಊರಿನ ಹೆಸರು ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಕೃಷಿಕನು ಅಂತರಜಾಲದ ಬಳಿಗೆ ಹೋಗಬೇಕು. ಅಂತರಜಾಲವು ಅವನ ಮನೆಗೆ ಬರುವುದಿಲ್ಲ. ಇದನ್ನು ‘ಸಾರ್ವಜನಿಕ ಪ್ರಕಟಣೆ’ ಎನ್ನುವುದಾದರೆ ಆ ಸಾರ್ವಜನಿಕರು ಯಾರು?

ಈ ಪ್ರಶ್ನೆಗೆ ಆಳುವವರ ಬಳಿ ಒಂದೇ ಸಿದ್ಧ ಉತ್ತರವಿದೆ: ಟವರ್ ಬರುತ್ತದೆ. ಬರಲಿ. ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಸಾಗಿಸಲು ದೂರವಾಣಿ ಬೇಕು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಓದುವುದಕ್ಕೂ ಬರೆಯುವುದಕ್ಕೂ ಪ್ರತಿ ಕ್ಷಣ ಸಂಪರ್ಕ ಇರಲೇಬೇಕೆಂಬುದು ಪ್ರಕೃತಿಯ ನಿಯಮವಲ್ಲ. ಅದು ಜಾಲತಾಣ ಕಟ್ಟುವವರ ಸೋಮಾರಿತನ. ನಗರದ ಕಚೇರಿಯಲ್ಲಿ, ಎಂದೂ ಕಡಿಯದ ಸಂಪರ್ಕದ ನಡುವೆ ಕುಳಿತು ಕಟ್ಟಿದ ತಾಣಕ್ಕೆ ಘಟ್ಟದ ಮಳೆ ಗೊತ್ತಿಲ್ಲ. ಅರ್ಜಿಯನ್ನು ಮುಕ್ಕಾಲು ತುಂಬಿದಾಗ ಸಂಪರ್ಕ ಕಡಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನಿನ್ನೆ ಓದಿದ ಪುಟ ಇಂದು ತೆರೆಯುವುದಿಲ್ಲ.

ಇದಕ್ಕೆ ಪರಿಹಾರ ಹೊಸದೇನಲ್ಲ. ಸಂಪರ್ಕವಿಲ್ಲದೆಯೂ ಜಾಲತಾಣಗಳು ಕೆಲಸ ಮಾಡಲೆಂದು ಗೂಗಲ್ ಸಂಸ್ಥೆಯು 2007ರಲ್ಲಿಯೇ ‘ಗೇರ್ಸ್’ ಎಂಬ ತಂತ್ರಾಂಶವನ್ನು ಹೊರತಂದಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ಮುಂದೆ ಬಂದ ‘ಸರ್ವಿಸ್ ವರ್ಕರ್’ ಎಂಬ ವಿಧಾನವನ್ನು 2018ರ ಹೊತ್ತಿಗೆ ಪ್ರಮುಖ ಬ್ರೌಸರುಗಳೆಲ್ಲವೂ ಅಳವಡಿಸಿಕೊಂಡವು. ಅದರ ಕೆಲಸ ಸರಳ. ಮೊದಲ ಭೇಟಿಯಲ್ಲಿ ಪುಟದ ಅಕ್ಷರ, ಚಿತ್ರಗಳನ್ನು ಫೋನಿನೊಳಗೇ ಕೂಡಿಡುತ್ತದೆ. ಸಂಪರ್ಕ ಇಲ್ಲದಾಗ ಆ ಸಂಗ್ರಹದಿಂದಲೇ ಪುಟವನ್ನು ತೋರಿಸುತ್ತದೆ. ತುಂಬಿದ ಅರ್ಜಿಯನ್ನೂ ಹೀಗೆಯೇ ಫೋನಿನಲ್ಲಿ ಕಾದಿಟ್ಟು, ಸಂಪರ್ಕ ಮರಳಿದಾಗ ಕಳಿಸುವಂತೆ ತಾಣವನ್ನು ಕಟ್ಟಬಹುದು. ಮಳೆಗಾಲಕ್ಕೆ ಮುನ್ನ ಸೌದೆ ಒಟ್ಟಿ, ಕಣಜ ತುಂಬಿ, ಹಪ್ಪಳ ಒಣಗಿಸಿಡುವ ಮಲೆನಾಡಿಗರಿಗೆ ಈ ವಿವೇಕವನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದವರು ತಾಣ ಕಟ್ಟುವವರು.

ಕೂಡಿಟ್ಟ ಪ್ರತಿ ಹಳತಾಗುತ್ತದಲ್ಲ ಎಂಬ ಆಕ್ಷೇಪವಿದೆ. ಪ್ರತಿಯ ಮೇಲೆ ದಿನಾಂಕ ನಮೂದಿಸಿ, ಸಂಪರ್ಕ ಸಿಕ್ಕಾಗ ಬದಲಾದ ಭಾಗವನ್ನಷ್ಟೇ ತರಿಸಿಕೊಂಡರೆ ಆ ತೊಡಕು ತೀರುತ್ತದೆ. ಒಂದು ವಾರ ಹಳೆಯ ದಾಖಲೆ ಕೈಯಲ್ಲಿರುವುದು, ಹೊಸ ದಾಖಲೆ ಆಕಾಶದಲ್ಲಿರುವುದಕ್ಕಿಂತ ಮೇಲು.

ಇದು ಸೌಕರ್ಯದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣದ 4ನೆಯ ಉಪಪ್ರಕರಣವು, ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನಿಸಬೇಕೆನ್ನುತ್ತದೆ. ಪರಿಸರ ಪರಿಣಾಮ ಅಂದಾಜಿನ 2020ರ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಆ ವರ್ಷದ ಜೂನ್ 30ರಂದು ಆದೇಶಿಸಿತು. ಓದಲಾಗದ ಭಾಷೆಯಲ್ಲಿ ಪ್ರಕಟಿಸಿದರೆ ಸಾಲದು ಎನ್ನುವುದಾದರೆ, ತೆರೆಯಲಾಗದ ಪುಟದಲ್ಲಿ ಪ್ರಕಟಿಸಿದರೆ ಸಾಕೇ?

ವಿದ್ಯಾರ್ಥಿಗಳ ಸ್ಥಿತಿಯೂ ಬೇರೆಯಲ್ಲ. 2020ರ ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತಿದರು. ಪತ್ರಿಕೆಗಳು ಅದನ್ನು ಸಾಹಸವೆಂದು ಕೊಂಡಾಡಿದವು. ಅದು ಸಾಹಸವಲ್ಲ, ಅನ್ಯಾಯ. ಒಮ್ಮೆ ಇಳಿಸಿಕೊಂಡು ಮನೆಯಲ್ಲಿ ಕುಳಿತು ನೋಡಬಹುದಾದ ಪಾಠಕ್ಕೆ ದಿನವೂ ಗುಡ್ಡ ಹತ್ತಿಸಿದ್ದೇಕೆ? ಪಠ್ಯಪುಸ್ತಕಗಳಿಗೆ ಹೊಂದಿಕೊಂಡ ‘ದೀಕ್ಷಾ’ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಕೊಂಡು ಸಂಪರ್ಕವಿಲ್ಲದೆ ಬಳಸುವ ಅನುಕೂಲವಿದೆ. ಮನಸ್ಸು ಮಾಡಿದರೆ ಸರ್ಕಾರಕ್ಕೂ ಇದು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

ಹಾಗೆಂದು ಕಂಪನಿಗಳು ಕೊಡುವ ಅನುಕೂಲವನ್ನೇ ನೆಚ್ಚಿ ಕೂರುವಂತಿಲ್ಲ. ಲೇಖನಗಳನ್ನು ಉಳಿಸಿಟ್ಟು ಓದಲು ಜಗತ್ತಿನಾದ್ಯಂತ ಜನ ಬಳಸುತ್ತಿದ್ದ ‘ಪಾಕೆಟ್’ ಸೇವೆಯು 2025ರ ಜುಲೈ 8ರಂದು ಬಾಗಿಲು ಹಾಕಿತು. ಪರರ ಕಣಜದಲ್ಲಿಟ್ಟ ಭತ್ತಕ್ಕೆ ಬೀಗದ ಕೈ ಪರರದೇ. ಉಳಿಯಬೇಕಾದ ದಾಖಲೆ ಓದುಗನ ಸ್ವಂತ ಪೆನ್‌ಡ್ರೈವಿನಲ್ಲಿ, ಯಾರ ಅಪ್ಪಣೆಯೂ ಬೇಡದ ಸಾಮಾನ್ಯ ಕಡತವಾಗಿ ಇರಬೇಕು. 2007ರಲ್ಲಿ ಆರಂಭವಾದ ‘ಕಿವಿಕ್ಸ್’ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಮಾದರಿ. ಕನ್ನಡ ವಿಕಿಪೀಡಿಯವನ್ನು ಒಂದೇ ಕಡತವಾಗಿ ಪಡೆದು, ಅಂತರಜಾಲವಿಲ್ಲದೆ ಓದಲು ಅದು ಅವಕಾಶ ಕೊಡುತ್ತದೆ. ಶಾಲೆಯ ಒಂದು ಗಣಕಯಂತ್ರದಲ್ಲಿ ಅದನ್ನಿಟ್ಟು ವೈಫೈ ಮೂಲಕ ಸುತ್ತಲಿನ ಫೋನುಗಳಿಗೆ ಹಂಚಬಹುದು. ಅದಕ್ಕೆ ಟವರೂ ಬೇಡ, ತಿಂಗಳ ರೀಚಾರ್ಜೂ ಬೇಡ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಜನರ ಅಭಿಪ್ರಾಯ ಕೇಳುವ ಪ್ರತಿಯೊಂದು ಕರಡನ್ನೂ ನಕ್ಷೆ, ಗ್ರಾಮಪಟ್ಟಿಗಳ ಸಹಿತ ಕನ್ನಡದಲ್ಲಿ, ಇಳಿಸಿಕೊಳ್ಳಬಲ್ಲ ಹಗುರ ಕಡತವಾಗಿ ಕೊಡಬೇಕು. ಅದರ ಪ್ರತಿ ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಗಣಕಯಂತ್ರದಲ್ಲಿಯೂ ಮುದ್ರಿತವಾಗಿಯೂ ದೊರೆಯಬೇಕು. ಸರ್ಕಾರಿ ತಾಣದಲ್ಲಿ ತುಂಬಿದ ಅರ್ಜಿ ಸಂಪರ್ಕ ಕಡಿದರೂ ಅಳಿಯಬಾರದು. ಅವಧಿಯ ಲೆಕ್ಕ ದಾಖಲೆ ಗ್ರಾಮಕ್ಕೆ ತಲುಪಿದ ದಿನದಿಂದ ಆರಂಭವಾಗಬೇಕು.

ಕಾಲೇಜಿನ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ವಾರಕ್ಕೊಮ್ಮೆ ಪೇಟೆಗೆ ಹೋಗುವವರು ಅಧಿಸೂಚನೆ, ವರದಿ, ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ತಂದು ಊರಿನ ಶಾಲೆಯಲ್ಲಿಡಲಿ. ಹೊಳೆ ದಾಟಲು ಸೇತುವೆ ಆಗುವವರೆಗೆ ಮಲೆನಾಡಿನವರು ಕೈಕಟ್ಟಿ ಕುಳಿತವರಲ್ಲ. ಅಡಿಕೆ ಮರದ ಸಂಕ ಹಾಕಿಕೊಂಡವರು. ಆದರೆ ಊರವರು ಸಂಕ ಹಾಕಿಕೊಂಡರೆಂಬ ನೆಪದಲ್ಲಿ ಸರ್ಕಾರವು ಸೇತುವೆಯ ಹೊಣೆಯನ್ನು ಮರೆಯುವಂತಿಲ್ಲ.