ಎರಡು ಬಗೆಯ ಕಚೇರಿ

ಕನ್ನಡದಲ್ಲಿ ಕಚೇರಿ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಗಲು ಹೊತ್ತು ಕಡತಗಳ ನಡುವೆ ಕುಳಿತು ನಡೆಸುವುದು ಒಂದು. ಸಂಜೆಯ ಮೇಲೆ ತಂಬೂರಿಯ ಶ್ರುತಿಗೆ ಕುಳಿತು ನಡೆಸುವುದು ಇನ್ನೊಂದು. ನಮ್ಮ ಗುಜರಾತಿ ನೆರೆಹೊರೆಯವರ ಬಳಕೆಯಲ್ಲಿರುವುದು ಮೊದಲನೆಯ ಅರ್ಥ. ಆದ್ದರಿಂದ ರಾತ್ರಿ ಒಂಬತ್ತಕ್ಕೆ ಬಾಗಿಲಿಗೆ ಬೀಗ ಹಾಕುತ್ತ “ಕಚೇರಿಗೆ ಹೊರಟಿದ್ದೇವೆ” ಎಂದರೆ ಪಕ್ಕದ ಮನೆಯವರು ಮರುಕದಿಂದ ನೋಡುತ್ತಾರೆ. ಪಾಪ, ಈ ಗುಮಾಸ್ತರಿಂದ ಸರ್ಕಾರವು ರಾತ್ರಿಯೂ ಕೆಲಸ ತೆಗೆಯುತ್ತದಲ್ಲ ಎಂದುಕೊಳ್ಳುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ. ಮೊದಲನೆಯ ಕಚೇರಿಯಲ್ಲಿ ಕುರ್ಚಿ ಸವೆಸುವವರಿಗೆ ಎರಡನೆಯದರ ಅಗತ್ಯ ಎಷ್ಟೆಂಬುದು ಸವೆಸಿದವರಿಗೇ ಗೊತ್ತು. ಈ ಸಲದ ನಮ್ಮ ಅಂಕಣ ಆ ಎರಡನೆಯ ಕಚೇರಿಗೆ ಮೀಸಲು.

ಬೆಂಗಳೂರಿನಿಂದ ಹೊಸದಾಗಿ ಇಲ್ಲಿಗೆ ಬಂದ ನಮ್ಮ ತರುಣರದು ಒಂದೇ ದೂರು. “ನಮ್ಮೂರಿನಲ್ಲಿ ಶನಿವಾರ ಬಂತೆಂದರೆ ಒಂದಲ್ಲ ಒಂದು ಕಡೆ ಬ್ಯಾಂಡು ಬಾರಿಸುತ್ತಾರೆ, ಇಲ್ಲಿ ರಾತ್ರಿ ಏನಿದೆ ಸಾರ್?” ಎನ್ನುತ್ತಾರೆ. ಇಲ್ಲಿ ಪಾನನಿರೋಧ ಇರುವುದು ನಿಜ. 1960ರಲ್ಲಿ ಗುಜರಾತ್ ಬೇರೆ ರಾಜ್ಯವಾದಂದಿನಿಂದಲೂ ಅದು ನಡೆದು ಬಂದಿದೆ. ಆದರೆ ಬಾಟಲಿ ಇಲ್ಲದ ಊರಿನಲ್ಲಿ ಹಾಡೂ ಇರದೆಂದು ಯಾರು ಹೇಳಿದರು? 2025ರ ಜನವರಿ 25 ಮತ್ತು 26ರಂದು ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡದವರು ಅಹಮದಾಬಾದಿನ ಮೊಟೇರಾ ಕ್ರೀಡಾಂಗಣದಲ್ಲಿ ಹಾಡಿದರು. ಒಂದೊಂದು ರಾತ್ರಿಯೂ ಲಕ್ಷದಷ್ಟು ಜನ ಸೇರಿದ್ದರು. ನಮ್ಮ ಕಚೇರಿಯ ಜವಾನನಿಂದ ಮೇಲಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಒಂದು ವಾರ ಅದೇ ಸುದ್ದಿ. ಪಾನನಿರೋಧದಿಂದ ಸಂಸಾರಸ್ಥರಿಗೆ ಒಂದು ಲಾಭವೂ ಉಂಟು. ಅಜ್ಜಿಯನ್ನೂ ಕೈಗೂಸನ್ನೂ ಕರೆದುಕೊಂಡು ಹೋಗಬಾರದೆನ್ನುವ ಸಂಗೀತದ ರಾತ್ರಿ ಇಲ್ಲಿ ಅಪರೂಪ.

ಕ್ರೀಡಾಂಗಣದ ಮಾತು ಹಾಗಿರಲಿ. ಅದು ವರ್ಷಕ್ಕೊಮ್ಮೆ ಬರುವ ಜಾತ್ರೆಯೂ ಅಲ್ಲ. ತಪ್ಪದೆ ಬರುವುದು ಸಪ್ತಕ್ ಉತ್ಸವ. ತಬಲದ ನಂದನ್ ಮೆಹ್ತಾ ಮತ್ತು ಸಿತಾರಿನ ಮಂಜು ಮೆಹ್ತಾ ದಂಪತಿಗಳು 1980ರಲ್ಲಿ ಆರಂಭಿಸಿದ ಸಂಸ್ಥೆ ಅದು. ನಂದನರು 2010ರಲ್ಲಿ ತೀರಿಕೊಂಡರು, ಮಂಜು ಅವರು 2024ರಲ್ಲಿ. ಉತ್ಸವ ಮಾತ್ರ ನಿಂತಿಲ್ಲ. ಜನವರಿ 1ರಿಂದ 13ರವರೆಗೆ ರಾತ್ರಿಯೆಲ್ಲ ರಾಗ, 14ರ ಉತ್ತರಾಯಣಕ್ಕೆ ಹಗಲೆಲ್ಲ ಗಾಳಿಪಟ ಎಂಬುದು ಅಹಮದಾಬಾದಿನ ಪಂಚಾಂಗ. ಹೊಸ ಬಗೆಯ ಗಿಟಾರು, ಡ್ರಮ್ಮುಗಳು ಬೇಕೆನ್ನುವ ಮಕ್ಕಳಿಗೆ ಸಾಬರಮತಿಯ ದಂಡೆಯಲ್ಲಿ ನಟರಾಣಿ ಎಂಬ ಬಯಲು ರಂಗಮಂದಿರವಿದೆ. ಮೃಣಾಲಿನಿ ಸಾರಾಭಾಯಿಯವರು 1949ರಲ್ಲಿ ಸ್ಥಾಪಿಸಿದ ದರ್ಪಣಾ ಸಂಸ್ಥೆಗೆ ಸೇರಿದ್ದು ಅದು. ಸೂರತ್ತಿನವರಿಗೆ ಪಾಲ್ ಬಡಾವಣೆಯಲ್ಲಿ ನಗರಸಭೆ ಕಟ್ಟಿಸಿದ ಸಂಜೀವ್ ಕುಮಾರ್ ಸಭಾಂಗಣವಿದೆ; ಆ ನಟ ಹುಟ್ಟಿದ್ದೇ ಸೂರತ್ತಿನಲ್ಲಿ. ಇನ್ನು ಡಾಯರೊ ಎಂಬ ಜಾನಪದ ರಾತ್ರಿಗಳಂತೂ ಮೂರು ಊರುಗಳಲ್ಲೂ ಉಂಟು. ಹಾಡುಗಾರ ಕಥೆ ಹೇಳುತ್ತಾನೆ, ನಗಿಸುತ್ತಾನೆ, ಥಟ್ಟನೆ ಹಾಡಿಗೆ ಏರುತ್ತಾನೆ. ಮೆಚ್ಚಿದವರು ಅವನ ಮೇಲೆ ನೋಟುಗಳ ಮಳೆ ಸುರಿಸುತ್ತಾರೆ. ಸಂಬಳದ ದಿನವಲ್ಲದಿದ್ದರೆ ನಾವು ಹಿಂದಿನ ಸಾಲಿನಲ್ಲಿ ಕುಳಿತು ಬರಿಯ ಚಪ್ಪಾಳೆ ಸುರಿಸುವುದು ವಾಡಿಕೆ.

ಇವೆಲ್ಲಕ್ಕಿಂತ ದೊಡ್ಡದು ನವರಾತ್ರಿಯ ಗರಬಾ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಹಮದಾಬಾದಿನ ಕರ್ಣಾವತಿ, ರಾಜಪಥ ಮುಂತಾದ ಕ್ಲಬ್ಬುಗಳ ಅಂಗಳದಲ್ಲಿ ಅದೇ ಕ್ಲಬ್ಬಿನ ರಾತ್ರಿ. ವಡೋದರಾದಲ್ಲಿ ಅತುಲ್ ಪುರೋಹಿತರು ಹಾಡುವ ಯುನೈಟೆಡ್ ವೇ ಮೈದಾನವನ್ನು ನೋಡಿದವರು ಮರೆಯಲಾರರು. ನಡುವೆ ದೇವಿಯ ದೀಪ, ಸುತ್ತ ಸುತ್ತಿನೊಳಗೆ ಸುತ್ತಾಗಿ ಸಾವಿರಾರು ಜನ, ಒಂದೇ ಚಪ್ಪಾಳೆ. ಅಲ್ಲಿ ವಾಚಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಹಾಡುವವರ ಕಣ್ಣು ಎಂದೂ ಕುಣಿಯುವವರ ಕಾಲಿನ ಮೇಲಿರುತ್ತದೆ. ಸುತ್ತು ಸಡಿಲವಾದರೆ ಲಯ ನಿಧಾನವಾಗುತ್ತದೆ; ಕಾಲುಗಳು ಕಾವೇರಿದವೆಂದು ಕಂಡರೆ ಢೋಲಿನವನಿಗೆ ಒಂದು ಸನ್ನೆ, ಲಯ ಏರುತ್ತದೆ. ಒಂದು ಸಾಲಿಗೆ ಜನ ಹೋ ಎಂದರೆ ಆ ಸಾಲು ನಾಲ್ಕು ಸಲ ಬರುತ್ತದೆ. ಅಷ್ಟು ದೊಡ್ಡ ಬಯಲಿನಲ್ಲಿಯೂ ಹಾಡುವವರಿಗೂ ಕುಣಿಯುವವರಿಗೂ ನಡುವೆ ಸಂಭಾಷಣೆ ನಡೆದೇ ಇರುತ್ತದೆ.

ಈ ಎದುರಾಎದುರಿನ ಸಂಭಾಷಣೆಯಿಂದಲೇ ಸಂಗೀತ ಒಂದು ನಾಡಿನಿಂದ ಇನ್ನೊಂದು ನಾಡಿಗೆ ನಡೆದು ಹೋದದ್ದು. ನಾವು ಹೊಟ್ಟೆಪಾಡಿಗಾಗಿ ಕರ್ನಾಟಕದಿಂದ ಇಲ್ಲಿಗೆ ಬಂದೆವು. ಸಂಗೀತಗಾರರು ನಮಗಿಂತ ನೂರು ವರ್ಷ ಮೊದಲೇ ಈ ದಾರಿ ಸವೆಸಿದ್ದರು. ಬರೋಡದಲ್ಲಿ 1886ರಲ್ಲಿ ಸಂಗೀತ ಶಾಲೆ ತೆರೆದ ಮೌಲಾ ಬಕ್ಷರು ದಕ್ಷಿಣಕ್ಕೆ ಬಂದು ಕರ್ನಾಟಕ ಸಂಗೀತವನ್ನು ಅರಿತವರು, ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದವರು. ಬರೋಡದ ಆಸ್ಥಾನ ಗಾಯಕರಾಗಿ 1950ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸಿಕಿ’, ಅಂದರೆ ಸಂಗೀತದ ಸೂರ್ಯ ಎಂಬ ಬಿರುದನ್ನಿತ್ತವರು ನಮ್ಮ ಮೈಸೂರಿನ ಮಹಾರಾಜರು. ಇನ್ನು ಅಬ್ದುಲ್ ಕರೀಂ ಖಾನರ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವರು ಬರೋಡದ ಆಸ್ಥಾನದಲ್ಲಿದ್ದರು. ಅಲ್ಲಿನ ಸರದಾರ ಮನೆತನದ ತಾರಾಬಾಯಿಯವರ ಕೈಹಿಡಿದು ಊರು ಬಿಟ್ಟರು. ಅವರ ಮಗಳು ಪ್ರಸಿದ್ಧ ಗಾಯಕಿ ಹೀರಾಬಾಯಿ. ಬಡೋದೇಕರ್ ಎಂಬ ಅವರ ಅಡ್ಡಹೆಸರಿನಲ್ಲಿ ಬರೋಡ ಇನ್ನೂ ಕುಳಿತಿದೆ. ಖಾನ್ ಸಾಹೇಬರ ಮುಂದೆ ಕುಳಿತು ಕಲಿತವರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರ ಮುಂದೆ ಕುಳಿತು ಕಲಿತವರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಮುಂದೆ ಕುಳಿತು ಎಂಬ ಮಾತನ್ನು ನಾವು ಬೇಕೆಂದೇ ಎರಡು ಸಲ ಬರೆದಿದ್ದೇವೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕೆಲವು ವರ್ಷಗಳಿಂದ ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ತಬಲ, ಹಾರ್ಮೋನಿಯಂಗಳು ಕಾಣಿಸುತ್ತಿಲ್ಲ. ‘ಟ್ರ್ಯಾಕ್’ ಬಂದಿದೆ. ಹಾಡಿನ ಹಿನ್ನೆಲೆ ಮೊದಲೇ ಸಿದ್ಧವಾಗಿ ಬರುತ್ತದೆ. ಮಗು ಅದರ ಮೇಲೆ ಹಾಡಬೇಕು. ಸಂಘದ ಹಿರಿಯರೊಬ್ಬರು, ಧಾರವಾಡದವರು, ಇದಕ್ಕೆ ಕಾರಣ ಹೇಳಿದರು: “ನೋಡ್ರಿ, ತಬಲಾದಾಂವ ಬರತಾನಂದ್ರ ಅಂವಗ ಗಾಡಿ ಕಳಿಸಬೇಕು, ಚಾ ಕೊಡಬೇಕು, ದಕ್ಷಿಣಾ ಕೊಡಬೇಕು. ಪೆನ್‌ಡ್ರೈವ್‌ಗೆ ಚಾನೂ ಬ್ಯಾಡ, ಅದಕ್ಕ ಸಿಟ್ಟೂ ಬರೂದಿಲ್ಲ.” ಮಾತು ಸುಳ್ಳಲ್ಲ. ಕಾರ್ಯಕ್ರಮ ನಡೆಸುವವರ ಪಾಡು ನಮಗೂ ಗೊತ್ತು.

ಆದರೆ ಟ್ರ್ಯಾಕಿಗೆ ಸಿಟ್ಟು ಬಾರದಂತೆ ಕರುಣೆಯೂ ಬಾರದು. ಒಮ್ಮೆ ಹತ್ತು ವರ್ಷದ ಹುಡುಗಿಯೊಬ್ಬಳು ಭಾವಗೀತೆ ಹಾಡುತ್ತಿದ್ದಳು. ನಡುವೆ ಮೈಕು ಎರಡು ಕ್ಷಣ ಸತ್ತಿತು. ಅವಳು ಗಾಬರಿಯಿಂದ ನಿಂತಳು. ಟ್ರ್ಯಾಕು ನಿಲ್ಲಲಿಲ್ಲ, ಇವಳು ಮೊದಲನೆಯ ಚರಣ ಹುಡುಕುವಷ್ಟರಲ್ಲಿ ಅದು ಎರಡನೆಯದಕ್ಕೆ ಹೋಗಿತ್ತು. ಮಗು ಅಳುತ್ತ ಇಳಿದಳು. ಪಕ್ಕದಲ್ಲಿ ತಬಲದವನಿದ್ದಿದ್ದರೆ ಏನಾಗುತ್ತಿತ್ತು? ಠೇಕಾ ನುಡಿಸುತ್ತ ಕಾಯುತ್ತಿದ್ದ. ಹಾರ್ಮೋನಿಯಂನವನು ಸಾಲಿನ ಮೊದಲ ಸ್ವರ ಹಿಡಿದು ಕೊಡುತ್ತಿದ್ದ. ಯಾರಿಗೂ ತಿಳಿಯದಂತೆ ಅವಳು ದಡ ಸೇರುತ್ತಿದ್ದಳು. ಶ್ರುತಿಯದೂ ಅದೇ ಕಥೆ. ಟ್ರ್ಯಾಕು ಹಲವು ವೇಳೆ ದೊಡ್ಡವರ ಕಂಠಕ್ಕೆ ಹೊಂದಿಸಿದ್ದು. ಮಗು ಅದಕ್ಕಾಗಿ ಗಂಟಲನ್ನು ಎಳೆಯಬೇಕು, ಇಲ್ಲವೆ ಹೂಳಬೇಕು. ಹಾರ್ಮೋನಿಯಂ ಮುಂದೆ ಕುಳಿತವನು “ಎಲ್ಲಿಂದ ಹಾಡುತ್ತೀಯಮ್ಮ?” ಎಂದು ಮೊದಲು ಕೇಳುತ್ತಾನೆ. ಆ ಒಂದು ಪ್ರಶ್ನೆಗಾಗಿಯೇ ಅವನನ್ನು ಕರೆಸಬೇಕು.

ಇಲ್ಲಿ ಕನ್ನಡ ಹಾಡು ಬಲ್ಲ ತಬಲದವರು ಎಲ್ಲಿದ್ದಾರೆಂದು ಕೆಲವರು ಕೇಳುತ್ತಾರೆ. ಹಾಡಿನ ಭಾಷೆಯನ್ನು ತಬಲ ಕೇಳುವುದಿಲ್ಲ. ನಮ್ಮ ಭಾವಗೀತೆಗಳಲ್ಲಿ ಬಹಳಷ್ಟು ಎಂಟು ಮಾತ್ರೆಯ ಕೆಹರ್ವಾಕ್ಕೆ, ಇಲ್ಲವೆ ಆರು ಮಾತ್ರೆಯ ದಾದ್ರಾಕ್ಕೆ ಹೊಂದುತ್ತವೆ. ತಬಲ ಕಲಿಯುವ ಯಾವ ವಿದ್ಯಾರ್ಥಿಯೂ ಅವನ್ನು ಬಲ್ಲ. ಸುಗಮ ಸಂಗೀತ ಎಂಬ ಹೆಸರು ಕೂಡ ಗುಜರಾತಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ. ನಮಗೆ ಕಾಳಿಂಗರಾಯರು, ಅನಂತಸ್ವಾಮಿಯವರು, ಅಶ್ವತ್ಥರು ಹೇಗೋ ಹಾಗೆ ಇವರಿಗೆ ಅವಿನಾಶ್ ವ್ಯಾಸರು ಮತ್ತು 2024ರಲ್ಲಿ ತೀರಿಕೊಂಡ ಪುರುಷೋತ್ತಮ ಉಪಾಧ್ಯಾಯರು. ಮೌಲಾ ಬಕ್ಷರ ಶಾಲೆಯೇ ಬೆಳೆದು ಇಂದು ವಡೋದರಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗವಾಗಿದೆ. ಅಲ್ಲಿ ತಬಲ ಕಲಿಯುವ ಹುಡುಗರಿದ್ದಾರೆ. ವೇದಿಕೆ ಸಿಕ್ಕರೆ ಅವರಿಗೂ ಬೇಡವೆ? ನಮ್ಮ ಮಕ್ಕಳ ಹಾಡಿಗೆ ಗುಜರಾತಿ ಹುಡುಗನೊಬ್ಬ ತಲೆದೂಗುತ್ತ ನುಡಿಸಿದರೆ, ಮೈಸೂರು ಬರೋಡಗಳ ಹಳೆಯ ನಂಟು ನಮ್ಮ ಕಾಲದಲ್ಲಿಯೂ ಒಂದು ಹೆಜ್ಜೆ ಮುಂದೆ ಹೋಗಲಿಲ್ಲವೆ?

ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್ತುಗಳ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಬರುವ ನವೆಂಬರಿನಲ್ಲಿ ಹತ್ತು ಹಾಡುಗಳಿದ್ದರೆ ಐದನ್ನಾದರೂ ತಬಲ, ಹಾರ್ಮೋನಿಯಂಗಳೊಡನೆ ಹಾಡಿಸೋಣ. ಹಿಂದಿನ ಭಾನುವಾರ ಯಾರದಾದರೂ ಮನೆಯಲ್ಲಿ ಕೂಡಿ ಒಂದು ಸಲ ಹಾಡಿ ನೋಡೋಣ. ಖರ್ಚಿಗೆ ಹಣವೆಲ್ಲಿ ಎಂದರೆ, ಊಟದಲ್ಲಿ ಎರಡು ಸಿಹಿಯ ಬದಲು ಒಂದೇ ಸಿಹಿ ಸಾಕು. ಅನೇಕರಿಗೆ ವೈದ್ಯರು ಅದನ್ನು ಈಗಾಗಲೇ ಹೇಳಿಯಾಗಿದೆ. ಹಾಡುವಾಗ ಮೊಬೈಲು ಎತ್ತಿ ಹಿಡಿಯುವ ಕೈಗಳು ತಾಳಕ್ಕೆ ತೊಡೆ ತಟ್ಟಲಿ. ಕಾರ್ಯಕ್ರಮ ಮುಗಿದ ಮೇಲೆ ಎಲೆ ಹಾಕಿದಾಗ ಮೊದಲ ಪಂಕ್ತಿಯಲ್ಲಿ ತಬಲದ ಹುಡುಗನನ್ನು ಕೂರಿಸಿ, ಬಿಸಿಬೇಳೆಬಾತಿಗೆ ಇನ್ನೊಂದು ಚಮಚ ತುಪ್ಪ ಹಾಕಿ. ಮುಂದಿನ ವರ್ಷ ಅವನು ಕರೆಯದಿದ್ದರೂ ಬರುತ್ತಾನೆ.