ನದಿಯ ನೀರು, ನಗರದ ಋಣ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪೈಕಿ ಉತ್ತರ ಡಕೋಟ, ಮಿನೆಸೋಟ ಎಂಬ ಎರಡರ ನಡುವಣ ಗಡಿಯಾಗಿ ಉತ್ತರಾಭಿಮುಖವಾಗಿ ಹರಿದು, ಕೆನಡಾದ ಮ್ಯಾನಿಟೋಬ ಪ್ರಾಂತವನ್ನು ಹೊಕ್ಕು, ಕಡೆಗೆ ವಿನಿಪೆಗ್ ಸರೋವರವನ್ನು ಸೇರುವ ರೆಡ್ ನದಿಯ ದಡದ ಮೇಲೆ ಫಾರ್ಗೊ ಎಂಬ ನಗರವುಂಟು. ವಸಂತದಲ್ಲಿ ಹಿಮ ಕರಗಿ ಬರುವ ಮಹಾಪೂರದಿಂದ ಆ ನಗರವನ್ನೂ ಎದುರುದಡದ ಮೂರ್‌ಹೆಡ್ ಪಟ್ಟಣವನ್ನೂ ರಕ್ಷಿಸುವುದಕ್ಕಾಗಿ 30 ಮೈಲಿ ಉದ್ದದ ಕಾಲುವೆಯೊಂದನ್ನು ಅಗೆದು, ನಗರದ ದಕ್ಷಿಣಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿ, ಪೂರ ಉಕ್ಕಿದ ವರ್ಷಗಳಲ್ಲಿ ಆ ಒಡ್ಡಿನ ಹಿಂದಿರುವ ರೈತರ ಹೊಲಗಳ ಮೇಲೆ ನೀರನ್ನು ತಡೆದು ನಿಲ್ಲಿಸಬೇಕೆಂಬ ಯೋಜನೆಯು ಒಂದು ದಶಕಕ್ಕೂ ಮಿಕ್ಕಿ ವಿವಾದಕ್ಕೆ ಗ್ರಾಸವಾಯಿತು. ಈ ವಿವಾದದಲ್ಲಿ ನಗರದ ಪಕ್ಷ, ರೈತರ ಪಕ್ಷ ಎಂದು ಎರಡೇ ಪಕ್ಷಗಳಿರುವಂತೆ ಮಾತನಾಡುವುದು ರೂಢಿಯಾಗಿದೆ. ನಾನು ಈ ಎರಡಕ್ಕೂ ಸೇರದ ಒಂದು ಮಾತನ್ನು ಆಡಬಯಸುತ್ತೇನೆ: ನಗರಕ್ಕೆ ರಕ್ಷಣೆ ಬೇಕೇ ಬೇಕು, ಕಾಲುವೆಯೂ ಬೇಕು, ಆದರೆ ತಾನು ಉಳಿಯುವುದಕ್ಕಾಗಿ ಪರರ ಭೂಮಿಯನ್ನು ಬುದ್ಧಿಪೂರ್ವಕವಾಗಿ ಮುಳುಗಿಸುವ ನಗರವು ಆ ಮುಳುಗಡೆಯನ್ನು ತನ್ನ ಋಣವೆಂದು ನೀರು ಬರುವುದಕ್ಕೆ ಮುಂಚೆಯೇ ಶಾಸನದ ಮೂಲಕ ಒಪ್ಪಿಕೊಳ್ಳತಕ್ಕದ್ದು. ಹಾಗೆ ಒಪ್ಪಿಕೊಳ್ಳದ ನಗರವು ಎಷ್ಟು ಒಡ್ಡು ಕಟ್ಟಿದರೂ ಪ್ರವಾಹಕ್ಕೆ ಸಿದ್ಧವಾಗಿದೆಯೆಂದು ನಾನು ಎಣಿಸಲಾರೆ.

ಆ ನದಿಯ ಸ್ವಭಾವವನ್ನು ಅರಿಯದೆ ಈ ವಿವಾದ ತಿಳಿಯುವುದಿಲ್ಲ. ಹಿಮಯುಗದ ಅಂತ್ಯದಲ್ಲಿ ಅಲ್ಲಿ ಹರಡಿಕೊಂಡಿದ್ದ ಅಗಾಸಿ ಎಂಬ ಮಹಾಸರೋವರ ಬರಿದಾದ ಮೇಲೆ ಉಳಿದ ತಳವೇ ಇಂದು ಆ ನದಿಯ ಕಣಿವೆ. ಹೆಸರಿಗೆ ಕಣಿವೆಯಾದರೂ ಅಲ್ಲಿ ಇಕ್ಕೆಲದ ಬೆಟ್ಟಗಳಿಲ್ಲ, ಏರಿಲ್ಲ, ಇಳಿಜಾರೆಂಬುದು ಕಣ್ಣಿಗೆ ಕಾಣುವುದಿಲ್ಲ. ನೆಲವೆಲ್ಲ ನೀರು ಇಂಗದ ಜಿಗುಟಾದ ಜೇಡಿ. ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವುದರಿಂದ, ಚೈತ್ರದ ಬಿಸಿಲು ದಕ್ಷಿಣದ ಹಿಮವನ್ನು ಮೊದಲು ಕರಗಿಸುತ್ತದೆ. ಹಾಗೆ ಕರಗಿದ ನೀರು ಮುಂದಕ್ಕೆ ಸಾಗಿದಷ್ಟೂ ಇನ್ನೂ ಹೆಪ್ಪುಗಟ್ಟಿಯೇ ಇರುವ ಪಾತ್ರವನ್ನೂ, ತೇಲಿಬಂದು ಒಂದಕ್ಕೊಂದು ಸಿಕ್ಕಿಕೊಂಡು ಕಟ್ಟೆಯಂತೆ ನಿಲ್ಲುವ ಮಂಜುಗಡ್ಡೆಗಳನ್ನೂ ಎದುರಿಸಬೇಕಾಗುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ನೀರು ಅಕ್ಕಪಕ್ಕಕ್ಕೆ ಹರಡದೆ ಬೇರೆ ಗತಿಯಿಲ್ಲ. 1997ರಲ್ಲಿ ಮ್ಯಾನಿಟೋಬದ ಬಯಲಿನ ಮೇಲೆ ಹೀಗೆ ಹರಡಿ ನಿಂತ ಜಲರಾಶಿಯನ್ನು ಅಲ್ಲಿಯ ಜನ ಕೆಂಪು ಸಮುದ್ರವೆಂದೇ ಕರೆದರು. ಇಂಥ ಬಯಲಿನಲ್ಲಿ ಒಂದು ಕಡೆ ತಡೆದ ನೀರು ಇನ್ನೊಂದು ಕಡೆ ಏರಲೇಬೇಕು. ವಿವಾದದ ಬೇರು ಈ ಸರಳವಾದ ಭೌತಸತ್ಯದಲ್ಲಿದೆ.

ಫಾರ್ಗೊದ ಜನ 2009ರ ಮಾರ್ಚ್ ತಿಂಗಳಲ್ಲಿ ಮಾಡಿದ ಕಾರ್ಯವನ್ನು ಕೇಳಿದವರಿಗೆ ಮೈನವಿರೇಳದೆ ಇರದು. ನದಿ 18 ಅಡಿ ತಲಪಿದರೆ ಪ್ರವಾಹವೆಂದು ಲೆಕ್ಕಕ್ಕೆ ಬರುವ ಆ ನಗರದಲ್ಲಿ ನೀರು 43 ಅಡಿಯವರೆಗೂ ಏರಬಹುದೆಂಬ ಮುನ್ಸೂಚನೆ ಬಂದಾಗ, ವಿದ್ಯಾರ್ಥಿಗಳೂ ಮುದುಕರೂ ಅಂಗಡಿಕಾರರೂ ಫಾರ್ಗೊಡೋಮ್ ಎಂಬ ದೊಡ್ಡ ಕ್ರೀಡಾಮಂದಿರದಲ್ಲಿ ಹಗಲಿರುಳೆನ್ನದೆ ಮರಳು ತುಂಬಿ, ಲಕ್ಷಗಟ್ಟಲೆ ಚೀಲಗಳನ್ನು ಕೊರೆಯುವ ಚಳಿಯಲ್ಲಿ ಕೈಯಿಂದ ಕೈಗೆ ದಾಟಿಸಿ, ಮೈಲಿಗಟ್ಟಲೆ ಒಡ್ಡನ್ನು ಎತ್ತರಿಸಿದರು. ಮಾರ್ಚ್ 28ರಂದು ನದಿ 40.84 ಅಡಿಯಲ್ಲಿ ನಿಂತು, ಅಲ್ಲಿಂದ ಇಳಿಯಿತು. 1897ರ ದಾಖಲೆಯನ್ನು ಮೀರಿದ ಆ ಪೂರವನ್ನು ನಗರ ಗೆದ್ದಿತು. ಈ ಸಾಹಸದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಇಂಥ ಸಾಹಸವನ್ನೇ ಸಿದ್ಧತೆಯೆಂದು ಕರೆದು, ನಮ್ಮ ಜನಕ್ಕೆ ತೋಳಿರುವವರೆಗೆ ಕಾಲುವೆ ಏತಕ್ಕೆ ಎಂದು ವಾದಿಸಿದವರ ಮಾತನ್ನು ನಾನು ಒಪ್ಪೆನು. ಕರಗುತ್ತಿದ್ದ ಹಿಮ ಆ ವಾರದ ಕಡುಚಳಿಗೆ ಮತ್ತೆ ಹೆಪ್ಪುಗಟ್ಟಿ ಹರಿವು ಕುಗ್ಗಿದ್ದೂ ಆ ಗೆಲುವಿಗೆ ಒಂದು ಕಾರಣವಾಗಿತ್ತು. ಜನರ ತೋಳು ಎರಡನೆಯ ಸಲವೂ ಸೋಲದೆ ಇರಬಹುದು. ಚಳಿಯ ಕೃಪೆ ಎರಡನೆಯ ಸಲ ದೊರೆಯುವುದೆಂದು ಯಾವ ಪೌರಸಭೆಯೂ ಬರೆದುಕೊಡಲಾರದು.

ಅದೇ ನದಿಯ ಕೆಳಗಣ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣದ ಕಥೆ ಈ ಮಾತಿಗೆ ಸಾಕ್ಷಿ. 1996-97ರ ಚಳಿಗಾಲದಲ್ಲಿ ಎಂಟು ಹಿಮಬಿರುಗಾಳಿಗಳು ಆ ಸೀಮೆಯ ಮೇಲೆ ಹಾದುಹೋಗಿದ್ದವು. ನೀರು 49 ಅಡಿಗೆ ಏರುವುದೆಂದು ಹವಾಮಾನ ಇಲಾಖೆ ಹೇಳಿತು. ಆ ಅಂಕೆಯ ಸುತ್ತಮುತ್ತ ಎಷ್ಟು ಅಡಿಗಳ ಅನಿಶ್ಚಯವಿದೆಯೆಂಬುದನ್ನು ಜನರ ಮನಸ್ಸಿಗೆ ಹತ್ತುವಂತೆ ಯಾರೂ ತಿಳಿಸಲಿಲ್ಲ. ಆ ಒಂದು ಅಂಕೆಯನ್ನೇ ವಿಧಿಲಿಖಿತವೆಂದು ನಂಬಿದ ಪಟ್ಟಣ ಅದಕ್ಕೆ ಮೂರಡಿ ಸೇರಿಸಿ ಒಡ್ಡನ್ನು ಎತ್ತರಿಸಿ ನೆಮ್ಮದಿಯಾಗಿತ್ತು. ನೀರು 54.35 ಅಡಿಗೆ ಏರಿತು. ಊರಿಗೆ ಊರೇ ಮನೆಬಿಟ್ಟು ಹೊರಟಿತು. ನೆರೆಯ ನಡುವೆಯೇ ಪೇಟೆಯಲ್ಲಿ ಬೆಂಕಿ ಹತ್ತಿ 11 ಕಟ್ಟಡಗಳು ಉರಿದುಹೋದವು. ಪ್ರವಾಹವಿಮೆ ಮಾಡಿಸಿದ್ದವರು ತೀರ ಕೆಲವರು. ಅಲ್ಲಿಯ ಕಾನೂನಿನ ಪ್ರಕಾರ ವಿಮೆ ಕೊಂಡು 30 ದಿನ ಕಳೆದ ಮೇಲಲ್ಲದೆ ಅದು ಜಾರಿಗೆ ಬರುವುದಿಲ್ಲವಾದ್ದರಿಂದ, ಹಿಮ ಕರಗುವುದನ್ನು ಕಂಡ ಮೇಲೆ ಎಚ್ಚತ್ತವರಿಗೆ ಅದರಿಂದ ಪ್ರಯೋಜನವಿರಲಿಲ್ಲ. ನೆಲಮಾಳಿಗೆಯಲ್ಲಿ ಪಂಪು, ಚರಂಡಿಯ ನೀರು ಹಿಮ್ಮುಖವಾಗಿ ಮನೆಗೆ ನುಗ್ಗದಂತೆ ತಡೆಯುವ ಕವಾಟ, ವಿಮೆಯ ಪತ್ರ ಇವೆಲ್ಲ ನೆಲದ ಮೇಲೆ ಇನ್ನೂ ಹಿಮವಿರುವಾಗಲೇ ಗೃಹಸ್ಥನು ಮಾಡಿಕೊಳ್ಳಬೇಕಾದ ಕೆಲಸಗಳು. ಆದರೆ ಅವನ ಕೈಮೀರಿದ್ದು ಒಂದಿದೆ: ನೀರು ಎಲ್ಲಿಗೆ ಹೋಗಬೇಕೆಂಬ ನಿರ್ಣಯ. ಅದು ಸಮಾಜದ ಕೆಲಸ. ಒಡ್ಡಿನ ಮೇಲೆ ನಿಂತು, ನಡುರಾತ್ರಿಯಲ್ಲಿ, ಗಾಬರಿಯ ನಡುವೆ ಮಾಡತಕ್ಕ ಕೆಲಸವಲ್ಲ.

ಈ ನಿರ್ಣಯವನ್ನು ಮುಂಚಿತವಾಗಿ ಮಾಡುವ ಧೈರ್ಯ ತೋರಿದವರಲ್ಲಿ ಮ್ಯಾನಿಟೋಬದ ಪ್ರಧಾನಿಯಾಗಿದ್ದ ಡಫ್ ರಾಬ್ಲಿನ್ ಮುಖ್ಯನು. 1950ರ ಪೂರದಲ್ಲಿ ವಿನಿಪೆಗ್ ನಗರದಿಂದ ಸುಮಾರು ಒಂದು ಲಕ್ಷ ಜನ ಹೊರಟುಹೋಗಬೇಕಾಗಿದ್ದುದನ್ನು ಕಂಡಿದ್ದ ಆತ, ನಗರವನ್ನು ಬಳಸಿಹೋಗುವ 47 ಕಿಲೋಮೀಟರು ಉದ್ದದ ಕಾಲುವೆಯನ್ನು 1962ರಲ್ಲಿ ಆರಂಭಿಸಿ, 6 ಕೋಟಿ 30 ಲಕ್ಷ ಡಾಲರುಗಳ ವೆಚ್ಚದಲ್ಲಿ 1968ಕ್ಕೆ ಮುಗಿಯುವಂತೆ ಮಾಡಿದನು. ದುಂದೆಂದು ಕೂಗಿದವರು ಅದಕ್ಕೆ ‘ಡಫ್‌ನ ಗುಂಡಿ’ ಎಂದು ಹೆಸರಿಟ್ಟಿದ್ದರು. 1997ರಲ್ಲಿ ಆ ಕಾಲುವೆಯಿಲ್ಲದಿದ್ದರೆ ವಿನಿಪೆಗ್‌ಗೆ ಗ್ರ್ಯಾಂಡ್ ಫೋರ್ಕ್ಸಿನ ಗತಿಯೇ ಬರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಾಲುವೆಗೆ ಮೆಚ್ಚಿಕೆ ಸಲ್ಲಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅವರು ಹೇಳದೆ ಬಿಡುವ ಮಾತೊಂದಿದೆ. ಕಾಲುವೆಯ ಮುಖದಲ್ಲಿರುವ ಬಾಗಿಲುಗಳನ್ನು ಎತ್ತಿ ನದಿಯನ್ನು ತಡೆದಾಗ ನೀರು ಕಾಲುವೆಗೆ ಹೊರಳುವುದು. ಮಿತಿಮೀರಿದ ಪೂರದಲ್ಲಿ ನಗರವನ್ನು ಉಳಿಸಲು ಬಾಗಿಲನ್ನು ಇನ್ನಷ್ಟು ಎತ್ತಿದರೆ ಮೇಲುಭಾಗದ ಹಳ್ಳಿಗಳಲ್ಲಿ ನೀರು ತನ್ನ ಸಹಜಮಟ್ಟವನ್ನು ಮೀರಿ ಏರುತ್ತದೆ. 1997ರಲ್ಲಿ ಹಾಗೆಯೇ ಏರಿ, ಗ್ರ್ಯಾಂಡ್ ಪಾಯಿಂಟ್ ಎಂಬ ಹಳ್ಳಿಯ ಮನೆಗಳು ಮುಳುಗಿದವು. ಅವರ ಮನೆಗಳಿಗೆ ಆ ನೀರನ್ನು ಏರಿಸಿದುದು ನದಿಯೊಂದೇ ಅಲ್ಲ, ಮನುಷ್ಯಹಸ್ತವೂ ಕೂಡ. ಇದು ದೈವಕೋಪವಲ್ಲ, ನಗರದ ಕ್ಷೇಮಕ್ಕಾಗಿ ಕೈಗೊಂಡ ಕ್ರಮದ ಫಲ ಎಂಬುದನ್ನು ಒಪ್ಪಿ, ಕಾಲುವೆಯ ನಿರ್ವಹಣೆಯಿಂದ ವಸಂತದಲ್ಲಿ ಉಂಟಾಗುವ ಕೃತಕ ಪ್ರವಾಹಕ್ಕೆ ಪರಿಹಾರ ಕೊಡತಕ್ಕ ಶಾಸನವನ್ನು ಆ ಪ್ರಾಂತವು 2004ರಲ್ಲಿ ಮಾಡಿತು. ಕಾಲುವೆ ಮುಗಿದು 36 ವರ್ಷ, ಹಳ್ಳಿ ಮುಳುಗಿ ಏಳು ವರ್ಷ ಕಳೆದ ಮೇಲೆ ಬಂದ ಶಾಸನ ಅದು. ನ್ಯಾಯವು ಇಂಜಿನಿಯರನ ಹಿಂದೆ ಇಷ್ಟು ದೂರದಲ್ಲಿ ನಡೆಯಬೇಕೆಂಬ ನಿಯಮವೇನೂ ಇಲ್ಲ.

ಫಾರ್ಗೊ ಈ ಅನುಭವದಿಂದ ಕಲಿಯಬಹುದಾಗಿತ್ತು. ಮೊದಲಿಗೆ ಕಲಿಯಲಿಲ್ಲವೆಂದೇ ನಾನು ಹೇಳುವೆ. ಯೋಜನೆಯ ಮೊದಲ ರೂಪದಲ್ಲಿ ನಗರವಷ್ಟೇ ಅಲ್ಲದೆ ಅದರ ಸುತ್ತಲಿನ, ಇನ್ನೂ ಮನೆಯೇಳದ, ಪ್ರವಾಹದ ಬಯಲೂ ರಕ್ಷಣೆಯ ಒಳಗೆ ಸೇರಿತ್ತು. ಅಂದರೆ ನಾಳೆ ಬಡಾವಣೆಯಾಗಬಹುದಾದ ಒಬ್ಬನ ಒಣನೆಲಕ್ಕಾಗಿ ಇಂದು ಬೆಳೆ ಬೆಳೆಯುತ್ತಿರುವ ಇನ್ನೊಬ್ಬನ ಹೊಲ ಮುಳುಗಬೇಕಾಗಿತ್ತು. ಮಿನೆಸೋಟದ ನಿಸರ್ಗಸಂಪತ್ತಿನ ಇಲಾಖೆ 2016ರಲ್ಲಿ ಅನುಮತಿ ನಿರಾಕರಿಸಿದಾಗ ಈ ಆಕ್ಷೇಪವನ್ನೂ ಎತ್ತಿತ್ತು. ಅನುಮತಿಯಿಲ್ಲದೆಯೇ ಕೆಲಸ ಆರಂಭವಾದಾಗ 2017ರಲ್ಲಿ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆಮೇಲೆ ಎರಡೂ ಸಂಸ್ಥಾನಗಳ ಗವರ್ನರುಗಳು ಒಟ್ಟಿಗೆ ಕುಳಿತು ಚರ್ಚಿಸಿ, ಒಡ್ಡಿನ ಜಾಗವನ್ನು ಬದಲಿಸಿ, ನಗರದ ಮಧ್ಯದಲ್ಲಿಯೇ ಮೊದಲಿಗಿಂತ ಹೆಚ್ಚು ನೀರು, ಎಂದರೆ 37 ಅಡಿಯವರೆಗೆ, ಹರಿಯಲು ಬಿಡತಕ್ಕದ್ದೆಂದು ತೀರ್ಮಾನಿಸಿದ ಮೇಲೆ, 2018ರ ಡಿಸೆಂಬರಿನಲ್ಲಿ ಮಿನೆಸೋಟ ಅನುಮತಿ ನೀಡಿತು. ತಡೆಯಾಜ್ಞೆಯನ್ನು ಅಭಿವೃದ್ಧಿಯ ಶತ್ರುವೆಂದು ಆಗ ಎಷ್ಟೋ ಜನ ಹಳಿದರು. ಆ ತಡೆಯಿಂದಲೇ ಯೋಜನೆ ಸುಧಾರಿಸಿತೆಂಬುದು ಯೋಜನೆಯ ಹಳೆಯ ಹೊಸ ನಕ್ಷೆಗಳೆರಡನ್ನೂ ಒಟ್ಟಿಗೆ ಇಟ್ಟುನೋಡಿದವರಿಗೆ ಸ್ಪಷ್ಟವಾಗುತ್ತದೆ. ರೈತರ ಹಟವೆಂದು ಕರೆಯಲ್ಪಟ್ಟದ್ದು ವಾಸ್ತವವಾಗಿ ನಗರಕ್ಕೆ ಸಂಯಮವನ್ನು ಕಲಿಸಿದ ಪಾಠ.

ನಗರದ ಪರವಾಗಿ ಮುಂದಿಡುವ ವಾದಗಳಲ್ಲಿ ಎರಡನ್ನು ಎದುರಿಸದೆ ಮುಂದೆ ಹೋಗಲಾಗದು. ಎರಡು ಲಕ್ಷಕ್ಕೂ ಮಿಕ್ಕ ಜನರ ಎದುರಿಗೆ ಕೆಲವು ನೂರು ಕುಟುಂಬಗಳ ಎಣಿಕೆಯೇನು ಎಂಬುದು ಮೊದಲನೆಯದು. ಬಹುಜನಹಿತವು ಒಡ್ಡು ಕಟ್ಟಲು ಸಮರ್ಥನೆಯಾಗಬಹುದು; ಒಡ್ಡಿನ ಬೆಲೆಯನ್ನು ಅಲ್ಪಜನರೇ ತೆರಬೇಕೆಂಬುದಕ್ಕೆ ಅದು ಸಮರ್ಥನೆಯಾಗಲಾರದು. ತನ್ನ ಮಾಡಿನ ನೀರನ್ನು ನೆರೆಯವನ ಅಂಗಳಕ್ಕೆ ತಿರುಗಿಸುವವನು ತನ್ನ ಮನೆಯಲ್ಲಿ ತಲೆಗಳು ಹೆಚ್ಚೆಂದು ಲೆಕ್ಕ ಹೇಳಿದರೆ ನಮ್ಮ ಯಾವ ಊರಿನ ಪಂಚಾಯಿತಿಯೂ ಒಪ್ಪುತ್ತಿರಲಿಲ್ಲ. ಬದಲಾಗಿ, ಲಾಭ ಪಡೆಯುವವರು ಬಹುಜನರಾದಷ್ಟೂ ಆ ಋಣವನ್ನು ಹಂಚಿಕೊಳ್ಳುವ ಹೆಗಲುಗಳೂ ಹೆಚ್ಚು, ತಲೆಗೆ ಬೀಳುವ ಹೊರೆಯೂ ಹಗುರ. ಅವರಿಗೆ ಹಣ ಕೊಟ್ಟಿದ್ದೇವಲ್ಲ ಎಂಬುದು ಎರಡನೆಯ ವಾದ. ಭೂಮಿಯ ಮೇಲೆ ನೀರು ನಿಲ್ಲಿಸುವ ಹಕ್ಕನ್ನು ಒಂದೇ ಸಲದ ಹಣಕ್ಕೆ ಶಾಶ್ವತವಾಗಿ ಕೊಂಡುಕೊಳ್ಳುವುದು ಅಲ್ಲಿಯ ಕ್ರಮ. ಗೋಧಿಯನ್ನೋ ಸಕ್ಕರೆ ಬೀಟಿನ ಬೀಜವನ್ನೋ ಏಪ್ರಿಲ್ ಕೊನೆಗೆ, ಮೇ ತಿಂಗಳ ಮೊದಲಿಗೆ ನೆಲಕ್ಕೆ ಹಾಕಬೇಕಾದ ಸೀಮೆಯಲ್ಲಿ, ನೀರು ತಡವಾಗಿ ಇಳಿದರೆ ಆ ವರ್ಷದ ಬಿತ್ತನೆಯೇ ತಪ್ಪೀತು; ಹತ್ತು ವರ್ಷ ಕಳೆದು ಇಂಥ ನಷ್ಟ ಬಂದಾಗ, ಹಣ ಪಡೆದ ತಂದೆ ಇರುವುದಿಲ್ಲ, ನಷ್ಟವುಣ್ಣುವ ಮಗನಿರುತ್ತಾನೆ. ಹಿರಿಯರನ್ನು ಹೂಳಿದ ಸ್ಮಶಾನಗಳೂ ಆ ನೀರಿನ ಹಾದಿಯಲ್ಲಿವೆ. ಅವುಗಳ ಬೆಲೆಯನ್ನು ಎಕರೆಯ ಲೆಕ್ಕದಲ್ಲಿ ಕಟ್ಟುವವರ ಜತೆ ವಾದಿಸಲು ನನಗೆ ಮನಸ್ಸಿಲ್ಲ.

ಕನ್ನಡಿಗರಿಗೆ ಇದು ಪರದೇಶದ ಕಥೆಯೆಂದು ತೋರಬೇಕಾಗಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು, ತೋಟ, ಗದ್ದೆಗಳನ್ನು ಕಳೆದುಕೊಂಡ ಶರಾವತಿಯ ಸಂತ್ರಸ್ತರ ಕುಟುಂಬಗಳು, ತಮ್ಮನ್ನು ತಂದು ಬಿಟ್ಟ ನೆಲದ ಹಕ್ಕುಪತ್ರಕ್ಕಾಗಿ ಅರ್ಧಶತಮಾನ ಕಳೆದರೂ ಅಲೆದಾಡುತ್ತಿರುವುದನ್ನು ನಾವು ಬಲ್ಲೆವು. ಮುಂಚೆಯೇ ಬರೆದಿಡದ ಋಣವು ಕಾಲಕ್ರಮದಲ್ಲಿ ಅನುಗ್ರಹವಾಗಿ, ಅನುಗ್ರಹವು ಅರ್ಜಿಯಾಗಿ, ಅರ್ಜಿಯು ಕಡತವಾಗಿ ಮಾರ್ಪಡುವ ಬಗೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಗರವು ಪರರಿಂದ ತ್ಯಾಗವನ್ನು ಕೇಳುವ ಮುನ್ನ ತಾನೂ ನದಿಗೆ ಏನನ್ನಾದರೂ ಬಿಟ್ಟುಕೊಡಬೇಕು. ಗ್ರ್ಯಾಂಡ್ ಫೋರ್ಕ್ಸ್ ಈ ವಿಷಯದಲ್ಲಿ ಶ್ಲಾಘ್ಯವಾದ ಮಾರ್ಗವನ್ನು ಹಿಡಿಯಿತು. ನದಿಯ ಅಂಚಿನಲ್ಲಿದ್ದ ಲಿಂಕನ್ ಡ್ರೈವ್ ಎಂಬ ಕೇರಿಯ ಮನೆಗಳನ್ನು ಕೊಂಡು ಕೆಡವಿ, ಒಡ್ಡನ್ನು ದಡದಿಂದ ಹಿಂದಕ್ಕೆ ಸರಿಸಿ, ಎರಡೂ ದಡಗಳಲ್ಲಿ ಸೇರಿ ಸುಮಾರು 2,200 ಎಕರೆಯನ್ನು ನೀರು ಬಂದಾಗ ನೀರಿಗೂ, ಉಳಿದ ಕಾಲದಲ್ಲಿ ಜನರ ವಿಹಾರಕ್ಕೂ ತೆರವಾಗಿ ಬಿಟ್ಟಿತು. ಆ ಕೇರಿಯಲ್ಲಿ ಹುಟ್ಟಿಬೆಳೆದವರಿಗೆ ಅದು ಸುಲಭವಾದ ಸಂಗತಿಯಾಗಿರಲಿಲ್ಲ. ಆದರೂ ಕಷ್ಟದ ಒಂದು ಪಾಲನ್ನು ಪಟ್ಟಣ ತನ್ನೊಳಗೇ ಇಟ್ಟುಕೊಂಡಿತು. ಎಲ್ಲವನ್ನೂ ಹಳ್ಳಿಯ ಮೇಲೆ ಹೊರಿಸಲಿಲ್ಲ. ಫಾರ್ಗೊ ಕೂಡ ನದಿಯಂಚಿನ ಎಷ್ಟೋ ಮನೆಗಳನ್ನು ಕೊಂಡು ತೆಗೆದಿದೆ. ಈ ಕಾರ್ಯವನ್ನು ಕಾಲುವೆ ಬಂತೆಂದು ನಿಲ್ಲಿಸಬಾರದು. ಕಾಲುವೆಯ ರಕ್ಷಣೆಯೊಳಗೆ ಬಂದ ಬಯಲಿನಲ್ಲಿ ಹೊಸ ಬಡಾವಣೆಗಳಿಗೆ ಅನುಮತಿ ಕೊಡುತ್ತ ಹೋದರೆ, ನೂರು ವರ್ಷಕ್ಕೊಮ್ಮೆ ಬರುವ ಪೂರಕ್ಕೆಂದು ಲೆಕ್ಕ ಹಾಕಿ ಕಟ್ಟಿದ ಒಡ್ಡು ಅದನ್ನು ಮೀರಿದ ಪೂರ ಬಂದ ದಿನ ಮೊದಲಿಗಿಂತ ಹೆಚ್ಚು ಮನೆಗಳನ್ನು ಅಪಾಯಕ್ಕೆ ಒಡ್ಡೀತು.

2022ರಲ್ಲಿ ಫಾರ್ಗೊದ ಕಾಲುವೆಯ ಅಗೆತ ಆರಂಭವಾಯಿತು. ಮುಂದಿನ ಯಾವುದೋ ಒಂದು ವಸಂತದಲ್ಲಿ, ನದಿಯನ್ನು ತಡೆಯುವ ಒಡ್ಡಿನ ಬಾಗಿಲುಗಳು ಮೊದಲ ಸಲ ಇಳಿಯುವುವು. ಯೋಜನೆಯನ್ನು ನಡೆಸುವ ಮಂಡಲಿಯಲ್ಲಿ ಫಾರ್ಗೊ, ಮೂರ್‌ಹೆಡ್ ನಗರಗಳಿಗೂ ಅವುಗಳ ಕೌಂಟಿಗಳಿಗೂ ಸ್ಥಾನವುಂಟು. ಮೇಲುಭಾಗದ ರಿಚ್‌ಲ್ಯಾಂಡ್, ವಿಲ್ಕಿನ್ ಕೌಂಟಿಗಳವರು ತಮ್ಮದೇ ಕೂಟ ಕಟ್ಟಿಕೊಂಡು ಹೊರಗೆ ನಿಂತು ಹೋರಾಡಬೇಕಾಯಿತು. ಕಡೆಗೆ ಅವರೊಡನೆ ಸಂಧಾನವಾಯಿತೆಂಬ ಮಾತ್ರದಿಂದ ಈ ಕೊರತೆ ನೀಗುವುದಿಲ್ಲ. ಬಾಗಿಲನ್ನು ಯಾವ ಮಟ್ಟದಲ್ಲಿ, ಎಷ್ಟು ದಿನ, ಯಾರ ಆಜ್ಞೆಯಿಂದ ಇಳಿಸತಕ್ಕದ್ದೆಂಬುದನ್ನು ನಿರ್ಧರಿಸುವ ಮೇಜಿನ ಸುತ್ತ, ಆ ಬಾಗಿಲು ಇಳಿದಾಗ ಯಾರ ಹೊಲ ಮುಳುಗುವುದೋ ಅವರಿಗೂ ಮತವಿರುವ ಆಸನಗಳನ್ನು ಕೊಡಬೇಕು. ನೀರು ನಿಂತ ಪ್ರತಿ ವರ್ಷದ ನಷ್ಟವನ್ನೂ ಆಯಾ ವರ್ಷವೇ, ನ್ಯಾಯಾಲಯದ ಮೆಟ್ಟಿಲು ಹತ್ತಿಸದೆ, ನಗರದ ತೆರಿಗೆಯಿಂದ ತುಂಬಿಕೊಡತಕ್ಕದ್ದೆಂದು ಮ್ಯಾನಿಟೋಬ ಮಾಡಿದಂತೆ ಶಾಸನವನ್ನೇ ಮಾಡಬೇಕು. ಬಾಗಿಲು ಮೊದಲ ಸಲ ಇಳಿಯುವುದಕ್ಕೆ ಮುಂಚೆ ಈ ಎರಡು ಕೆಲಸಗಳೂ ಆಗಬೇಕು. ಅದಕ್ಕೆ ಬೇಕಾದಷ್ಟು ಕಾಲ ಎರಡೂ ಸಂಸ್ಥಾನಗಳ ಶಾಸನಸಭೆಗಳಿಗೆ ಇದೆ.