ಅಂಕಿತವಿಲ್ಲದ ಆಟ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಜನಕ್ಕೆ ಅಪರಿಚಿತರೊಡನೆ ಆಡುವುದು ಹೊಸದಲ್ಲ. ಹರದೇಶಿ-ನಾಗೇಶಿ ಮೇಳಗಳು ಎದುರುಬದುರು ನಿಂತು, ಒಂದು ಸವಾಲೆಸೆಯಲು ಇನ್ನೊಂದು ಹಾಡಿನಲ್ಲಿಯೇ ಉತ್ತರ ಕೊಡುತ್ತ ಬೆಳಗು ಮಾಡುತ್ತಿದ್ದವು. ಹಾಡುವವರು ಪರಸ್ಪರ ಹೊಸಬರಾಗಿರಬಹುದು. ಆದರೆ ಅವರು ಯಾವ ಊರಿನವರು, ಯಾರ ಶಿಷ್ಯರು ಎಂಬುದನ್ನು ನೆರೆದ ಜನರೆಲ್ಲ ಬಲ್ಲರು. ಅಬಲೂರಿನವನೆಂದು ಪ್ರತೀತಿಯಿರುವ ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳೂ ಹೇರಳ. ಒಗಟಿನಲ್ಲಿ ಅರ್ಥವನ್ನು ಮರೆಮಾಡಿದ ಆತನು ತನ್ನ ಹೆಸರನ್ನು ಮರೆಮಾಡಲಿಲ್ಲ.

ಇಂದು ಮಕ್ಕಳ ಕೈಗೆ ಸಿಕ್ಕಿರುವ ಆಟದ ಬಗೆಯೇ ಬೇರೆ. ಅಲ್ಲಿ ಹೆಸರು ಕೇಳುವವರಿಲ್ಲ, ಊರು ಕೇಳುವವರಿಲ್ಲ. ಮೊಬೈಲಿನ ಗುಂಡಿಯೊತ್ತಿದರೆ ಜಗತ್ತಿನ ಯಾವುದೋ ಮೂಲೆಯ ಮುಖವೊಂದು ಪರದೆಯ ಮೇಲೆ ಮೂಡುತ್ತದೆ; ಬೇಸರವಾದರೆ ಇನ್ನೊಮ್ಮೆ ಒತ್ತಿದರಾಯಿತು, ಮತ್ತೊಂದು ಮುಖ. ಚಿತ್ರ ಬರೆದು ಊಹಿಸುವುದು, ಹಾಡು ಗುರುತಿಸುವುದು, ‘ಸತ್ಯ ಹೇಳು, ಇಲ್ಲವೆ ಹೇಳಿದ್ದನ್ನು ಮಾಡು’ ಎಂಬ ಪಂತ, ಹೀಗೆ ಆಟ ಸಾಗುತ್ತದೆ. ಮೊದಲೆರಡು ನಿರುಪದ್ರವಿಗಳು. ಮೂರನೆಯದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಉಪಾಯವಿದೆ. ಮೊದಲ ಪಂತ ಕೋತಿಯಂತೆ ಕುಣಿಯುವುದು. ಕೊನೆಯ ಪಂತವನ್ನು ಈ ಸಂಚಿಕೆಯಲ್ಲಿ ಬರೆಯಲಾಗದು.

2009ರಲ್ಲಿ ಲೀಫ್ ಕೆ-ಬ್ರೂಕ್ಸ್ ಎಂಬ 18 ವರ್ಷದ ಅಮೆರಿಕದ ತರುಣನು ಒಮೆಗಲ್ ಎಂಬ ತಾಣವನ್ನೂ, ಅದೇ ವರ್ಷ ಮಾಸ್ಕೋದ 17 ವರ್ಷದ ಆಂದ್ರೆ ತೆರ್ನೋವ್ಸ್ಕಿಯು ಚಾಟ್‌ರೂಲೆಟ್ ಎಂಬುದನ್ನೂ ಹೂಡಿದರು. ಮೀಸೆ ಮೂಡುವ ವಯಸ್ಸಿನವರು ಕಟ್ಟಿದ ಛತ್ರಗಳಿವು, ಕಾವಲುಗಾರನ ನೆನಪು ಬಾರದಿದ್ದುದು ಆಶ್ಚರ್ಯವಲ್ಲ! ಒಮೆಗಲ್ಲಿನಲ್ಲಿ ಹನ್ನೊಂದು ವರ್ಷದ ಬಾಲಕಿಯೊಬ್ಬಳು ದುಷ್ಟನೊಬ್ಬನಿಗೆ ಜೋಡಿಯಾಗಿ ವರ್ಷಗಟ್ಟಲೆ ಪೀಡನೆಗೊಳಗಾದಳು. ಬೆಳೆದ ಮೇಲೆ, 2021ರಲ್ಲಿ, ಆಕೆ ನ್ಯಾಯಾಲಯಕ್ಕೆ ಹೋದಳು. 2023ರ ನವೆಂಬರಿನಲ್ಲಿ ತಾಣವು ಮುಚ್ಚಿತು. ಛತ್ರ ಮುಚ್ಚಿದರೂ ಹಾದಿ ಮುಚ್ಚಲಿಲ್ಲ, ಅದೇ ಬಗೆಯ ಬೇರೆ ತಾಣಗಳಿವೆ. ಅತ್ತ 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಹಳ್ಳಿಯ ಮನೆಗಳಿಗೂ ಬಂದ ಮೊಬೈಲು, ಶಾಲೆ ತೆರೆದ ಮೇಲೆಯೂ ಮಕ್ಕಳ ಕೈಯಲ್ಲಿಯೇ ಉಳಿಯಿತು.

ಹೆಸರಿಲ್ಲದಿರುವುದೇ ಸಂಕೋಚದ ಮಕ್ಕಳಿಗೆ ಧೈರ್ಯ ಕೊಡುತ್ತದೆ, ಇಂಗ್ಲಿಷು ತಪ್ಪಿದರೂ ನಗುವವರು ನೆರೆಯವರಲ್ಲ ಎಂದು ವಾದಿಸುವವರುಂಟು. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಶರಣರು ತಮ್ಮ ನುಡಿಗೆ ಅಂಕಿತವಿಟ್ಟುದೇಕೆ? ಆಡಿದ ಮಾತಿಗೆ ಅಂಬಿಗನು ತನ್ನ ಹೆಸರನ್ನೇ, ಮಾದಾರನು ತನ್ನ ಇಷ್ಟದೈವವನ್ನೇ ಸಾಕ್ಷಿಯಾಗಿ ನಿಲ್ಲಿಸಿದನು. ಪರದೆಯ ಆಟದಲ್ಲಿ ಸಾಕ್ಷಿಯಿಲ್ಲವೆಂದು ಮಗು ನಂಬುತ್ತದೆ. ಎದುರಿನವನೋ ಎಲ್ಲವನ್ನೂ ಚಿತ್ರೀಕರಿಸಿಕೊಂಡಿರಬಲ್ಲನು. ಹೆಸರಿಲ್ಲದವನು ಅವನು, ಮುಖ ಸಿಕ್ಕಿಬಿದ್ದುದು ಮಗುವಿನದು.

ಅನಂತರ ಅವನು ಹಿಡಿಯುವ ಆಯುಧ ಒಂದೇ: ‘ನಿಮ್ಮ ಮನೆಯವರಿಗೆ ತೋರಿಸುವೆ.’ ಆ ಆಯುಧಕ್ಕೆ ಅಲಗು ಕೊಡುವುದು ಮನೆಯವರ ಸಿಟ್ಟು. ಸುದ್ದಿ ತಿಳಿದೊಡನೆ ಬಡಿದು, ಮೊಬೈಲು ಕಸಿದು, ಹುಡುಗಿಯಾದರೆ ಶಾಲೆಯನ್ನೇ ಬಿಡಿಸುವ ಪಾಲಕರಿರುವಲ್ಲಿ ಯಾವ ಮಗು ಬಾಯಿ ಬಿಟ್ಟೀತು? ಹೇಳಿಕೊಂಡ ಮಗುವಿಗೆ ಶಿಕ್ಷೆಯಿಲ್ಲವೆಂಬ ಅಭಯವನ್ನು ಮುಖ್ಯೋಪಾಧ್ಯಾಯರು ವರ್ಷಾರಂಭದಲ್ಲಿಯೇ, ಪಾಲಕರ ಸಮಕ್ಷಮ, ಬಾಯಿಬಿಟ್ಟು ಸಾರತಕ್ಕದ್ದು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ದೂರಿಗೆ 1930; ಈ ಎರಡು ಸಂಖ್ಯೆಗಳು ಪ್ರಸಾದನಿಲಯದ ಗೋಡೆಯ ಮೇಲಿರಲಿ. ಚಿತ್ರವನ್ನು ಅಳಿಸದೆ, ಹಣ ಕೊಡದೆ, ತಡಮಾಡದೆ ದೂರುವುದನ್ನೂ ಕಲಿಸಬೇಕು. 2012ರ ಪೋಕ್ಸೋ ಕಾಯಿದೆ ಸಂತ್ರಸ್ತ ಮಗುವಿನ ಗುರುತನ್ನು ಗುಟ್ಟಾಗಿಡುತ್ತದೆಂಬುದು ಎಷ್ಟೋ ಪಾಲಕರಿಗೆ ತಿಳಿಯದು.

ಇನ್ನು ಆಟದ ಹಸಿವು. ಸಂಜೆ ಪ್ರಾರ್ಥನೆ ಮುಗಿದ ಮೇಲೆ ಪ್ರಸಾದನಿಲಯದ ಮಕ್ಕಳಿಗೆ ಮಾಡಲೇನಿದೆ? ಪಂಖದ ರೆಕ್ಕೆಯ ಮೇಲೂ ಹೆಸರು ಬರೆಸುವ ನಮ್ಮ ದಾನಿಗಳು (ಕೊಡುಗೆ ದೊಡ್ಡದೇ, ಅಲ್ಲಗಳೆಯುತ್ತಿಲ್ಲ) ಒಂದು ವರ್ಷದ ಮಟ್ಟಿಗೆ ಪಂಖ ಬಿಟ್ಟು ಬಸ್ಸಿನ ವೆಚ್ಚ ಕೊಡಲಿ. ನಾಲ್ಕೂ ತಾಲೂಕುಗಳ ಶಾಲೆಗಳ ಮಕ್ಕಳು ತಿಂಗಳಿಗೊಮ್ಮೆ ಒಂದೆಡೆ ಕೂಡಿ ಒಗಟು, ಸವಾಲು-ಜವಾಬು, ಚದುರಂಗ ಆಡಲಿ. ಸವಣೂರಿನ ಹುಡುಗನಿಗೆ ಹಿರೇಕೆರೂರಿನವನೂ ಅಪರಿಚಿತನೇ. ಮೊದಲ ಕೂಟವನ್ನು ಬರುವ ಶ್ರಾವಣದಲ್ಲಿ ನಮ್ಮ ಶಾಲೆಯ ಅಂಗಳದಲ್ಲಿಯೇ ನಡೆಸಬಹುದು. ಒಗಟುಗಳನ್ನು ಕೂಡಿಸಿಕೊಡುವ ಹೊಣೆ ಕನ್ನಡ ವಿಭಾಗದ್ದು.